ಲಾಂಗ್‌ಫೆಲೊನ ನುಡಿಗಳು: ಪದ್ಯದೊಳಗೆ ಒಂದರ್ಥ, ಕಿತ್ತು ತೆಗೆದರೆ ಇನ್ನೊಂದರ್ಥ

ತೀರ್ಥಹಳ್ಳಿಯ ಓದುಗ

ಎಲ್ಲರಿಗೂ ನಮಸ್ಕಾರ. ನಮಗೆ ಪದವಿ ತರಗತಿಯಲ್ಲಿ ಇಂಗ್ಲಿಷ್ ಪಾಠ ಮಾಡಿದ ಅಧ್ಯಾಪಕರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯ ದಿನ ಅವರಿಗೆ ಅರ್ಪಿಸುವ ಬಿನ್ನವತ್ತಳೆಯ ಒಕ್ಕಣೆಯನ್ನು ಬರೆಯುವ ಕೆಲಸ ಹಳೆಯ ವಿದ್ಯಾರ್ಥಿಗಳ ಪರವಾಗಿ ನನ್ನ ಪಾಲಿಗೆ ಬಂದಿದೆ. ಅವರಿಗೆ ಅಮೆರಿಕದ ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ ಎಂದರೆ ಬಹಳ ಪ್ರೀತಿ. ಆದ್ದರಿಂದ ಒಕ್ಕಣೆಯ ತಲೆಯ ಮೇಲೆ ಅವನದೇ ಒಂದು ಮಾತನ್ನು ಕನ್ನಡದಲ್ಲಿ ಹಾಕಬೇಕೆಂದು ಎಲ್ಲರೂ ಒಪ್ಪಿದ್ದೇವೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳಿಂದ ನಾನು ಆರಿಸಿಟ್ಟುಕೊಂಡಿರುವ ನಾಲ್ಕು ಮಾತುಗಳು ಹೀಗಿವೆ.

"ಮಳೆ ಬರುತ್ತಿರುವಾಗ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಮಳೆಯನ್ನು ಬರಗೊಡುವುದು." "ಪ್ರತಿಯೊಂದು ಬಾಳಿನಲ್ಲೂ ಒಂದಿಷ್ಟು ಮಳೆ ಬೀಳಲೇಬೇಕು." "ಕಾಲದ ಮರಳಿನ ಮೇಲೆ ಹೆಜ್ಜೆಗುರುತು ಬಿಟ್ಟುಹೋಗೋಣ." "ಇರುಳಲ್ಲಿ ಹಾದುಹೋಗುವ ಹಡಗುಗಳು."

ಇವು ನಿಜವಾಗಿ ಅವನವೇ ಹೌದೇ, ಎಲ್ಲಿಂದ ಬಂದವು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ನನ್ನ ಮನಸ್ಸು ಸದ್ಯಕ್ಕೆ ಮೊದಲನೆಯದರ ಮೇಲಿದೆ. ಚಿಕ್ಕದಾಗಿದೆ, ನಗುನಗುತ್ತಲೇ ಹೇಳಿದಂತಿದೆ, ನಮ್ಮೂರಿನ ಮಳೆಗೂ ಒಪ್ಪುತ್ತದೆ.

ಇಂಗ್ಲಿಷ್ ಮೇಷ್ಟ್ರು

ನಾಲ್ಕೂ ಲಾಂಗ್‌ಫೆಲೊನವೇ, ಅದರಲ್ಲಿ ಸಂಶಯವಿಲ್ಲ. ಆದರೆ ಮೊದಲನೆಯದನ್ನು ಬಿನ್ನವತ್ತಳೆಗೆ ಏರಿಸುವ ಮುಂಚೆ ಅದು ಯಾವ ಸಂದರ್ಭದ ಮಾತು ಎಂಬುದನ್ನು ನೀವು ತಿಳಿಯಲೇಬೇಕು. ಏಕೆಂದರೆ ನಿಮ್ಮ ಅಧ್ಯಾಪಕರು ಆ ಕವಿಯನ್ನು ಬಲ್ಲವರಾದರೆ ಒಕ್ಕಣೆ ಓದುವಾಗ ಅವರ ಹುಬ್ಬು ಮೇಲೇರುವುದು ಖಂಡಿತ.

ಆ ಸಾಲು 1863ರಲ್ಲಿ ಬಂದ "ಟೇಲ್ಸ್ ಆಫ್ ಎ ವೇಸೈಡ್ ಇನ್" ಎಂಬ ಸಂಕಲನದ ಒಂದು ಕಥನಕವನದಲ್ಲಿದೆ. ಮ್ಯಾಸಚೂಸೆಟ್ಸ್‌ನ ಸಡ್‌ಬರಿ ಎಂಬ ಊರಿನ ದಾರಿಬದಿಯ ಛತ್ರದಲ್ಲಿ ಸೇರಿದ ಕೆಲವರು, ಒಬ್ಬರಾದ ಮೇಲೆ ಒಬ್ಬರು, ಒಂದೊಂದು ಕಥೆ ಹೇಳುವುದು ಆ ಪುಸ್ತಕದ ಕಟ್ಟು. ಅಲ್ಲಿ ಕವಿಯ ಪಾತ್ರ ಹೇಳುವ ಕಥೆಯೇ "ಕಿಲ್ಲಿಂಗ್‌ವರ್ತ್‌ನ ಹಕ್ಕಿಗಳು". ಕಿಲ್ಲಿಂಗ್‌ವರ್ತ್ ಕನೆಕ್ಟಿಕಟ್‌ನ ಒಂದು ರೈತರ ಊರು. ಹಕ್ಕಿಗಳು ಕಾಳು ತಿನ್ನುತ್ತವೆ, ತೋಟದ ಪಾತಿಗಳನ್ನು ಕೊಳ್ಳೆ ಹೊಡೆಯುತ್ತವೆ ಎಂದು ರೈತರು ಊರಸಭೆ ಸೇರಿಸಿ, ಕಾಗೆಗಳ ತಲೆಗೆ ಬೆಲೆ ಕಟ್ಟಿ, ಹಕ್ಕಿಗಳನ್ನೆಲ್ಲ ಕೊಲ್ಲಿಸುವ ತೀರ್ಮಾನಕ್ಕೆ ಬರುತ್ತಾರೆ. ಸಭೆಯಲ್ಲಿ ಎದ್ದು ನಿಂತು ಬೇಡವೆನ್ನುವವನು ಒಬ್ಬನೇ, ಆ ಊರಿನ ಶಾಲಾ ಮೇಷ್ಟ್ರು. ಹಿಡಿಯಷ್ಟು ಗೋಧಿಯ ಲಾಭಕ್ಕಾಗಿ ಇವನ್ನೆಲ್ಲ ಕೊಲ್ಲುವಿರಾ, ಹಕ್ಕಿಯಿಲ್ಲದ ಕಾಡು, ಹಕ್ಕಿಯಿಲ್ಲದ ತೋಟ, ತೊಲೆಗಳಲ್ಲಿ ನೇತಾಡುವ ಬರಿಯ ಗೂಡು ಹೇಗಿರುತ್ತವೆಂದು ಯೋಚಿಸಿದ್ದೀರಾ, ಇವು ನಿಮ್ಮ ಹೊಲಗಳ ರೆಕ್ಕೆಯುಳ್ಳ ಕಾವಲುಗಾರರಲ್ಲವೇ ಎಂದು ಆತ ಕೇಳುತ್ತಾನೆ. ರೈತರು ನಕ್ಕು, ಮತ ಹಾಕಿ, ಕೊಲ್ಲಿಸಿಯೇ ಬಿಡುತ್ತಾರೆ.

ಮುಂದಿನ ಬೇಸಿಗೆಯಲ್ಲಿ ಹುಳುಗಳ ದಂಡು ಬರುತ್ತದೆ. ಹೊಲ ತೋಟಗಳೆಲ್ಲ ಬೋಳಾಗುತ್ತವೆ. ಮರಗಳಿಂದ ನೂಲು ಬಿಟ್ಟುಕೊಂಡು ಇಳಿಯುವ ಕಂಬಳಿಹುಳುಗಳು ದಾರಿಯಲ್ಲಿ ಹೋಗುವ ಹೆಂಗಸರ ಟೋಪಿ, ಶಾಲು, ಲಂಗಗಳ ಮೇಲೆ ಬೀಳುತ್ತವೆ, ಅವರು ಸಣ್ಣಗೆ ಚೀರಿ ಕೊಡವಿಕೊಳ್ಳುತ್ತಾರೆ. ಆಗ ರೈತರಲ್ಲಿ ಕೆಲವರು ತಪ್ಪನ್ನು ಒಪ್ಪಿಕೊಂಡು, ಇನ್ನು ಗೊಣಗಿ ಫಲವಿಲ್ಲವೆಂದು ಸುಮ್ಮನಾಗುತ್ತಾರೆ. ಆ ಸುಮ್ಮನಾಗುವಿಕೆಗೆ ಕವಿ ಕೊಡುವ ಕಾರಣವೇ ನಿಮ್ಮ ಮಳೆಯ ಮಾತು. ಅದರ ಬೆನ್ನಿಗೇ, ಕಾನೂನನ್ನು ಹಿಂತೆಗೆದರು, ಆದರೆ ಸತ್ತವು ಅದರಿಂದ ಎದ್ದು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು ಎನ್ನುತ್ತಾನೆ. ತಪ್ಪು ಕಂಡ ಶಾಲೆಯ ಹುಡುಗ, ಹೊತ್ತು ಮೀರಿದ ಮೇಲೆ, ತನ್ನ ಮೇಲೆ ದೂರು ಹೇಳುತ್ತಿರುವ ಸ್ಲೇಟನ್ನು ಒದ್ದೆ ಸ್ಪಂಜಿನಿಂದ ಒರೆಸಿದ ಹಾಗೆ ಎಂಬ ಹೋಲಿಕೆಯೂ ಅಲ್ಲಿಯೇ ಇದೆ.

ಎಂದರೆ ಅದು ನಗುನಗುತ್ತ ಬಾಳುವುದನ್ನು ಕಲಿಸುವ ಮಾತಲ್ಲ. ಕೈಯಾರೆ ಹಾಳು ಮಾಡಿಕೊಂಡವರು ಕೈಚೆಲ್ಲಿ ಕೂತಾಗ ಆಡಿದ ಮಾತು, ಅದರಲ್ಲಿ ಕವಿಯ ಕುಟುಕು ಇದೆ. ಪದ್ಯ ಮಾತ್ರ ಸಂತೋಷದಲ್ಲಿಯೇ ಮುಗಿಯುತ್ತದೆ. ಮರುವರ್ಷದ ವಸಂತದಲ್ಲಿ ಹಸುರು ಕೊಂಬೆಗಳ ಚಪ್ಪರ ಕಟ್ಟಿದ ಬಂಡಿಯೊಂದರಲ್ಲಿ ಬೆತ್ತದ ಪಂಜರಗಳನ್ನು ತೂಗುಹಾಕಿ, ಬೇರೆ ಕಡೆಯ ಹಕ್ಕಿಗಳನ್ನು ತಂದು ಬಿಡುತ್ತಾರೆ. ಅದು ಆ ಮೇಷ್ಟ್ರ ಮದುವೆಯ ಹೊತ್ತು. ಈ ಕಥೆಯನ್ನು ಓದಿದ ಮೇಲೂ ಆ ಸಾಲೇ ಬೇಕೆನಿಸಿದರೆ ಹಾಕಿ, ಆದರೆ ಊರೆಲ್ಲ ನಕ್ಕರೂ ಎದ್ದು ನಿಂತು ಮಾತಾಡಿದ ಮೇಷ್ಟ್ರನ್ನು ಬಿಟ್ಟು ಕೈಚೆಲ್ಲಿದ ರೈತರ ಮಾತನ್ನು ಒಬ್ಬ ಅಧ್ಯಾಪಕರಿಗೆ ಅರ್ಪಿಸಿದಂತಾಗುತ್ತದೆ.

ಬಯಲುಸೀಮೆಯವ

ಎರಡನೆಯ ಸಾಲಿನ ಬಗ್ಗೆ ನನ್ನದೊಂದು ತಕರಾರು. ನಾನು ಚಳ್ಳಕೆರೆಯ ಕಡೆಯವನು. "ಪ್ರತಿಯೊಂದು ಬಾಳಿನಲ್ಲೂ ಒಂದಿಷ್ಟು ಮಳೆ ಬೀಳಲೇಬೇಕು" ಎಂಬುದನ್ನು ನಮ್ಮೂರಿನ ಚಾವಡಿಯಲ್ಲಿ ಓದಿದರೆ ಜನ ಅದನ್ನು ಸಾಂತ್ವನವೆಂದು ತಿಳಿಯುವುದಿಲ್ಲ, ಹರಕೆಯೆಂದು ತಿಳಿದು ಕೈಮುಗಿಯುತ್ತಾರೆ. ಮಳೆಯೆಂದರೆ ದುಃಖ ಎಂಬ ಲೆಕ್ಕ ನಮ್ಮದಲ್ಲ.

ಇಂಗ್ಲಿಷ್ ಮೇಷ್ಟ್ರು

ನಿಮ್ಮ ತಕರಾರು ನ್ಯಾಯವಾದದ್ದೇ. ಲಾಂಗ್‌ಫೆಲೊ 1807ರ ಫೆಬ್ರವರಿ 27ರಂದು ಹುಟ್ಟಿದ್ದು ಇಂದಿನ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಬಂದರು ಊರಿನಲ್ಲಿ. "ಮಳೆಯ ದಿನ" ಎಂಬ ಆ ಪದ್ಯ ಅಂಥ ಊರಿನ ಚಳಿ ಹಿಡಿಸುವ, ಮೈ ನಡುಗಿಸುವ ಮಳೆಯ ಕುರಿತದ್ದು. ಅಲ್ಲಿ ಗಾಳಿಗೆ ದಣಿವೇ ಇಲ್ಲ, ಹಳೆಯ ಗೋಡೆಗೆ ಅಂಟಿಕೊಂಡ ಬಳ್ಳಿಯಿಂದ ಪ್ರತಿ ಬೀಸಿಗೂ ಒಣಗಿದ ಎಲೆ ಉದುರುತ್ತದೆ. ಮೂರೇ ಚರಣಗಳ ಪದ್ಯ, ಅದರ ಎರಡನೆಯ ಚರಣದಲ್ಲಿ ಬಳ್ಳಿಯ ಜಾಗಕ್ಕೆ ಕವಿಯ ಮನಸ್ಸು ಬರುತ್ತದೆ, ಎಲೆಗಳ ಜಾಗಕ್ಕೆ ಯೌವನದ ಆಸೆಗಳು. ಮೂರನೆಯದರಲ್ಲಿ ಮೋಡದ ಹಿಂದೆ ಸೂರ್ಯನಿದ್ದಾನೆ, ನಿನಗೆ ಬಂದದ್ದು ಎಲ್ಲರಿಗೂ ಬಂದದ್ದೇ ಎಂದು ತನ್ನ ಹೃದಯಕ್ಕೆ ತಾನೇ ಹೇಳಿಕೊಳ್ಳುತ್ತಾನೆ. ಗಮನಿಸಿ, ಅವನು ಇನ್ನೊಬ್ಬರಿಗೆ ಬುದ್ಧಿ ಹೇಳುತ್ತಿಲ್ಲ. ಪದ್ಯದಿಂದ ಕಿತ್ತ ಮೇಲೆ ಮಾತ್ರ ಅದು ಪರರ ಕಷ್ಟಕ್ಕೆ ನಾವು ಧಾರಾಳವಾಗಿ ಹಂಚುವ ಬುದ್ಧಿವಾದವಾಗುತ್ತದೆ.

ಕನ್ನಡಕ್ಕೆ ತರುವಾಗ ಬರಿಯ "ಮಳೆ" ಎಂದರೆ ಸಾಲದು, "ಜಡಿಮಳೆ" ಎಂದಾದರೂ ಇರಬೇಕು ಎಂದು ನನಗನ್ನಿಸುತ್ತದೆ. ತೀರ್ಥಹಳ್ಳಿಯವರಿಗೆ ಆಷಾಢದ ಜಡಿಮಳೆಯ ಬೇಸರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಪ್ಪದವ

ಇಷ್ಟೊಂದು ಭಕ್ತಿ ಬೇಕೇ ಎಂಬ ಪ್ರಶ್ನೆಯನ್ನು ಎತ್ತುವ ಅಪ್ರಿಯ ಕೆಲಸವನ್ನು ನಾನು ಮಾಡುತ್ತೇನೆ. ಲಾಂಗ್‌ಫೆಲೊನ ಮಾತುಗಳು ಗೋಡೆಗೆ ಅಂಟುವುದಕ್ಕೆ ಕಾರಣವೇ ಅವು ತೆಳುವಾಗಿರುವುದು. "ಎ ಸಾಮ್ ಆಫ್ ಲೈಫ್" ಪದ್ಯವನ್ನೇ ತೆಗೆದುಕೊಳ್ಳಿ. ಮಹಾಪುರುಷರ ಬದುಕು ನಮಗೆ ನೆನಪಿಸುತ್ತದೆ, ನಾವೂ ನಮ್ಮ ಬದುಕನ್ನು ಎತ್ತರಿಸಿಕೊಂಡು ಕಾಲದ ಮರಳಿನ ಮೇಲೆ ಹೆಜ್ಜೆಗುರುತು ಬಿಟ್ಟುಹೋಗಬಹುದು ಎನ್ನುತ್ತಾನೆ. ಮರಳಿನ ಮೇಲಿನ ಹೆಜ್ಜೆ ಒಂದು ಅಲೆಗೆ ಅಳಿಸಿಹೋಗುವಂಥದ್ದು, ಶಾಶ್ವತವಾದದ್ದಕ್ಕೆ ಅದೇ ಹೋಲಿಕೆ ಏಕೆ ಬೇಕಿತ್ತು? ಅದೂ ಹೋಗಲಿ, ಮುಂದಿನ ಚರಣದಲ್ಲಿ ಆ ಹೆಜ್ಜೆಗುರುತನ್ನು ಕಂಡು ಧೈರ್ಯ ತಂದುಕೊಳ್ಳುವವನು ಬಾಳೆಂಬ ಕಡಲಿನಲ್ಲಿ ಹಡಗೊಡೆದು ದಿಕ್ಕುಗೆಟ್ಟ ಒಬ್ಬ ನಾವಿಕ. ಕಡಲಿನ ನಡುವೆ ತೇಲುತ್ತಿರುವವನಿಗೆ ದಡದ ಮರಳಿನ ಮೇಲಿನ ಹೆಜ್ಜೆ ಕಾಣುವುದು ಹೇಗೆ? ಈ ತೊಡಕನ್ನು ವಿಮರ್ಶಕರು ಬಹಳ ಹಿಂದೆಯೇ ಎತ್ತಿ ಆಡಿದ್ದಾರೆ.

ಸ್ವಂತದ್ದೆಷ್ಟು ಎಂಬುದು ಮುಂದಿನ ಪ್ರಶ್ನೆ. ಅದೇ ಪದ್ಯದ "ಕಲೆ ದೀರ್ಘ, ಕಾಲ ಚಂಚಲ" ಎಂಬುದು ಹಿಪೊಕ್ರೇಟಿಸ್‌ನಷ್ಟು ಹಳೆಯ ಗ್ರೀಕ್ ಮಾತು. "ದೇವರ ಗಿರಣಿ ಮೆಲ್ಲಗೆ ಬೀಸುತ್ತದೆ, ಆದರೆ ನುಣ್ಣಗೆ ಬೀಸುತ್ತದೆ" ಎಂದು ಅವನ ಹೆಸರಿನಲ್ಲಿ ಓಡಾಡುವ ಮಾತು ಹದಿನೇಳನೆಯ ಶತಮಾನದ ಜರ್ಮನ್ ಕವಿ ಫ್ರೀಡ್ರಿಕ್ ಫಾನ್ ಲೋಗೌನದು. ಅಮೆರಿಕದ ಕವಿ, ವಿಮರ್ಶಕ ಎಡ್ಗರ್ ಆಲನ್ ಪೋ ಲಾಂಗ್‌ಫೆಲೊನ ಮೇಲೆ ಕೃತಿಚೌರ್ಯದ ಆರೋಪ ಹೊರಿಸಿ 1845ರಲ್ಲಿ ಪತ್ರಿಕೆಯಲ್ಲಿ ತಿಂಗಳುಗಟ್ಟಲೆ ಜಗಳವಾಡಿದ್ದು ಸುಮ್ಮನೆ ಅಲ್ಲ.

ಇಂಗ್ಲಿಷ್ ಮೇಷ್ಟ್ರು

ಮರಳು ಮತ್ತು ನಾವಿಕನ ತೊಡಕನ್ನು ಒಪ್ಪುತ್ತೇನೆ. ತರಗತಿಯಲ್ಲಿ ಜಾಣ ಹುಡುಗಿಯೊಬ್ಬಳು ಅದನ್ನೇ ಕೇಳಿದಾಗ, ಹಡಗೊಡೆದ ಮೇಲೆ ಈಜಿ ದಡ ಸೇರಿದವನೆಂದು ತಿಳಿದುಕೋ ಎಂದು ನಾನು ಹೇಳಿದ್ದುಂಟು. ಅದು ಸಮಾಧಾನವಾಗಿತ್ತೇ ಹೊರತು ಉತ್ತರವಾಗಿರಲಿಲ್ಲ, ಏಕೆಂದರೆ ಪದ್ಯದಲ್ಲಿ ಅವನು ಇನ್ನೂ ಕಡಲಿನ ಮೇಲೆಯೇ ಇದ್ದಾನೆ.

ಉಳಿದ ಆರೋಪಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಿರಣಿಯ ಮಾತನ್ನು ಲಾಂಗ್‌ಫೆಲೊ ತನ್ನದೆಂದು ಎಂದೂ ಹೇಳಿಕೊಂಡಿಲ್ಲ. ಜರ್ಮನ್ ನುಡಿಮುತ್ತುಗಳ ಅನುವಾದವೆಂದೇ ಲೋಗೌನ ಹೆಸರಿನೊಡನೆ ಅಚ್ಚು ಮಾಡಿಸಿದ. ಆ ಹೆಸರನ್ನು ಅಳಿಸಿದವರು ಮುಂದಿನ ತಲೆಮಾರಿನ ಸೂಕ್ತಿಸಂಗ್ರಹಕಾರರು. ಹಾಗೆ ನೋಡಿದರೆ ಅವನ ಹೊಟ್ಟೆಪಾಡೇ ಪರಭಾಷೆಗಳದ್ದು. ಬೋಡಿನ್ ಕಾಲೇಜಿನಲ್ಲಿ ಓದಿ, ಯೂರೋಪು ಸುತ್ತಿ ಭಾಷೆಗಳನ್ನು ಕಲಿತು ಬಂದು, 1829ರಿಂದ ಅದೇ ಕಾಲೇಜಿನಲ್ಲಿ, 1836ರಿಂದ 1854ರವರೆಗೆ ಹಾರ್ವರ್ಡ್‌ನಲ್ಲಿ ಆ ಭಾಷೆಗಳನ್ನೇ ಕಲಿಸಿದ. ಡಾಂಟೆಯ ಮಹಾಕಾವ್ಯವನ್ನು ಇಡಿಯಾಗಿ ಇಂಗ್ಲಿಷಿಗೆ ತಂದು 1867ರಲ್ಲಿ ಪ್ರಕಟಿಸಿದ. ಹತ್ತು ಕಡೆಯ ಮಾತನ್ನು ತನ್ನ ಜನರ ನಾಲಿಗೆಗೆ ಒಗ್ಗಿಸಿದವನನ್ನು ಕಳ್ಳನೆಂದು ಕರೆಯುವುದಾದರೆ ನಮ್ಮ ಭಾಷೆಯ ದೊಡ್ಡ ಅನುವಾದಕರನ್ನೂ ಆ ಸಾಲಿನಲ್ಲಿ ನಿಲ್ಲಿಸಬೇಕಾಗುತ್ತದೆ. ಪೋನ ಆರೋಪಗಳಿಗೆ ಅವನು ಬಹಿರಂಗವಾಗಿ ಉತ್ತರಿಸಲೇ ಇಲ್ಲ. ಪೋ ಸತ್ತ ಮೇಲೆ ಮಾತ್ರ, ಆ ಕಟುತನವೆಲ್ಲ ಏನೋ ಅನ್ಯಾಯವಾಗಿದೆಯೆಂದು ಒಳಗೇ ನೊಂದ ಸೂಕ್ಷ್ಮ ಸ್ವಭಾವದ ಕೆರಳಿಕೆಯಾಗಿತ್ತು ಎಂಬರ್ಥದ ಒಂದು ಮಾತನ್ನು ಬರೆದು ಸುಮ್ಮನಾದ.

"ಎ ಸಾಮ್ ಆಫ್ ಲೈಫ್" ತೆಳುವೆಂಬುದಕ್ಕೂ ಒಂದು ಮಾತು ಸೇರಿಸುತ್ತೇನೆ. ಅದನ್ನು 1838ರಲ್ಲಿ ಬರೆದಾಗ ಅವನ ವಯಸ್ಸು 31. ಮೂರು ವರ್ಷದ ಹಿಂದೆ, 1835ರಲ್ಲಿ, ಮೊದಲ ಹೆಂಡತಿ ಮೇರಿ ಪಾಟರ್ ಪ್ರವಾಸದ ನಡುವೆ ರಾಟರ್‌ಡ್ಯಾಮ್‌ನಲ್ಲಿ ಗರ್ಭಪಾತವಾಗಿ ತೀರಿಕೊಂಡಿದ್ದಳು. ಫ್ಯಾನಿ ಆಪಲ್ಟನ್ ಎಂಬ ಹೆಣ್ಣಿನ ಮೇಲೆ ಮನಸ್ಸಿಟ್ಟಿದ್ದ, ಆಕೆ ಒಪ್ಪಿರಲಿಲ್ಲ. ಪದ್ಯಕ್ಕೆ ಒಂದು ಉಪಶೀರ್ಷಿಕೆಯಿದೆ: "ಯುವಕನ ಹೃದಯ ಕೀರ್ತನಕಾರನಿಗೆ ಹೇಳಿದ್ದು". ಬಾಳು ಬರಿಯ ಕನಸೆಂದು ನನಗೆ ಹೇಳಬೇಡ ಎಂದು ಆರಂಭದಲ್ಲಿಯೇ ಜಗಳಕ್ಕೆ ನಿಲ್ಲುವ ಪದ್ಯವದು, ಆ ಜಗಳ ತನ್ನೊಡನೆಯೇ. ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಒಳಗಿನಿಂದ ಬಂದ ದನಿಯಾದ್ದರಿಂದ ಯಾರಿಗೂ ತೋರಿಸಲು ಮನಸ್ಸಾಗದೆ ಕೆಲಕಾಲ ಹಸ್ತಪ್ರತಿಯಲ್ಲಿಯೇ ಇಟ್ಟುಕೊಂಡಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಉಪಶೀರ್ಷಿಕೆಯನ್ನು ಪಠ್ಯಪುಸ್ತಕದಲ್ಲಿ ಕೈಬಿಟ್ಟ ದಿನವೇ ಅದು ಪ್ರಾರ್ಥನಾ ಸಭೆಯ ಉಪದೇಶವಾಯಿತು.

ಚಾರ್ಲ್ಸ್ ನದಿಯ ದಡದಿಂದ

ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಕೇಂಬ್ರಿಜ್‌ಗೆ ಹತ್ತಿರದಲ್ಲಿಯೇ ವಾಸವಾಗಿದ್ದೇನೆ, ಊರಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಬ್ರ್ಯಾಟಲ್ ಬೀದಿಯ ಲಾಂಗ್‌ಫೆಲೊ ಮನೆಗೆ ಕರೆದುಕೊಂಡು ಹೋಗುವುದು ನಮ್ಮ ವಾಡಿಕೆ. ಹಳದಿ ಬಣ್ಣದ ದೊಡ್ಡ ಮರದ ಮನೆ. ಸ್ವಾತಂತ್ರ್ಯ ಯುದ್ಧದ ಆರಂಭದಲ್ಲಿ, 1775-76ರಲ್ಲಿ, ಜಾರ್ಜ್ ವಾಷಿಂಗ್ಟನ್‌ನ ಮುಖ್ಯ ಠಾಣ್ಯವಾಗಿದ್ದದ್ದೂ ಇದೇ ಮನೆ. ಲಾಂಗ್‌ಫೆಲೊ 1837ರಲ್ಲಿ ಇಲ್ಲಿಗೆ ಬಾಡಿಗೆಗೆ ಬಂದ. ಮೇಷ್ಟ್ರು ಹೇಳಿದ ಫ್ಯಾನಿ ಆಪಲ್ಟನ್ ಏಳು ವರ್ಷ ಕಾಯಿಸಿ 1843ರಲ್ಲಿ ಅವನನ್ನು ಮದುವೆಯಾದಾಗ ಆಕೆಯ ತಂದೆ ಈ ಮನೆಯನ್ನೇ ಕೊಂಡು ಉಡುಗೊರೆಯಾಗಿ ಕೊಟ್ಟರು.

ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅವನ ಓದಿನ ಕೋಣೆಯಲ್ಲಿರುವ ಕಪ್ಪು ಬಣ್ಣದ ಕೆತ್ತನೆಯ ಕುರ್ಚಿ. "ಹರಡಿದ ಚೆಸ್ಟ್‌ನಟ್ ಮರದ ಕೆಳಗೆ ಊರ ಕಮ್ಮಾರನ ಕುಲುಮೆ" ಎಂದು ಆರಂಭವಾಗುವ ಪದ್ಯವನ್ನು ಶಾಲೆಯಲ್ಲಿ ಓದಿದವರು ಇಲ್ಲಿ ಅನೇಕರಿರಬಹುದು. ಆ ಮರ ಇದೇ ಬ್ರ್ಯಾಟಲ್ ಬೀದಿಯಲ್ಲಿತ್ತು, ಡೆಕ್ಸ್‌ಟರ್ ಪ್ರ್ಯಾಟ್ ಎಂಬ ಕಮ್ಮಾರನ ಮನೆ ಈಗಲೂ ಇದೆ. 1876ರಲ್ಲಿ ರಸ್ತೆ ಅಗಲ ಮಾಡಲು ಮರವನ್ನು ಕಡಿದರು, ಅದನ್ನು ಉಳಿಸಬೇಕೆಂದು ಕವಿ ಕೇಳಿಕೊಂಡದ್ದು ನಡೆಯಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ನನಗೆ ಈ ಭಾಗವನ್ನು ಕೇಳುವಾಗ ಬೇರೆ ವಿವರಣೆ ಬೇಕಾಗಲಿಲ್ಲ. ಆ ಮರದ ತುಂಡಿನಿಂದ ಮಾಡಿಸಿದ ಕುರ್ಚಿಯನ್ನು ಕೇಂಬ್ರಿಜ್‌ನ ಮಕ್ಕಳು 1879ರಲ್ಲಿ ಅವನ 72ನೆಯ ಹುಟ್ಟುಹಬ್ಬಕ್ಕೆ ಕೊಟ್ಟರು. ಕೂರುವ ಹಲಗೆಯ ಸುತ್ತ, ಶಾಲೆ ಬಿಟ್ಟು ಬರುವ ಮಕ್ಕಳು ತೆರೆದ ಬಾಗಿಲಿನಿಂದ ಕುಲುಮೆಯೊಳಗೆ ಇಣುಕುವ ಸಾಲುಗಳನ್ನು ಉಬ್ಬಕ್ಷರದಲ್ಲಿ ಕೆತ್ತಿದ್ದಾರೆ. ಕುರ್ಚಿ ನೋಡಲು ಬಂದ ಯಾವ ಮಗುವನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸಬಾರದೆಂದು ಅವನು ಮನೆಯವರಿಗೆ ಹೇಳಿಟ್ಟಿದ್ದ, ಅದಕ್ಕಾಗಿ ಬರೆದ ಕೃತಜ್ಞತೆಯ ಪದ್ಯವನ್ನು ಅಚ್ಚು ಮಾಡಿಸಿಟ್ಟುಕೊಂಡು ಬಂದ ಮಕ್ಕಳ ಕೈಗೆ ಕೊಡುತ್ತಿದ್ದ.

ಕಮ್ಮಾರನ ಪದ್ಯದಲ್ಲಿಯೂ ಒಂದು ಒಳ್ಳೆಯ ನುಡಿಯಿದೆ. ಕಮ್ಮಾರ ಲೋಕವನ್ನು ನೇರವಾಗಿ ಮುಖವೆತ್ತಿ ನೋಡುತ್ತಾನೆ, ಏಕೆಂದರೆ ಅವನು ಯಾರಿಗೂ ಸಾಲಗಾರನಲ್ಲ. ಸಾಲ ತೀರಿಸಿದ ಮರುದಿನ ನಮ್ಮಪ್ಪ ಪೇಟೆಬೀದಿಯಲ್ಲಿ ನಡೆದ ನಡಿಗೆ ನನಗೆ ಈ ಸಾಲಿನಿಂದ ನೆನಪಾಗುತ್ತದೆ.

ಅನುವಾದದ ವಿದ್ಯಾರ್ಥಿನಿ

"ಇರುಳಲ್ಲಿ ಹಾದುಹೋಗುವ ಹಡಗುಗಳು" ಎಂಬುದರ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಓದಿದ್ದನ್ನು ಬರೆಯುತ್ತೇನೆ. ಮೇಷ್ಟ್ರು ಹೇಳಿದ ಛತ್ರದ ಕಥೆಗಳ ಮೂರನೆಯ ಭಾಗ 1873ರಲ್ಲಿ ಬಂತು, ಅದರಲ್ಲಿ "ಎಲಿಜಬೆತ್" ಎಂಬ ಕಥೆಯಿದೆ. ಹಡಗುಗಳು ಕತ್ತಲಲ್ಲಿ ಹಾದುಹೋಗುವಾಗ ಒಂದಕ್ಕೊಂದು ಸನ್ನೆ ತೋರಿಸುತ್ತವೆ, ದೂರದ ಒಂದು ದನಿ ಕೇಳುತ್ತದೆ. ಬಾಳಿನ ಕಡಲಿನಲ್ಲಿ ನಾವೂ ಹಾಗೆಯೇ, ಒಂದು ನೋಟ, ಒಂದು ಮಾತು, ಮತ್ತೆ ಕತ್ತಲೆ, ಮತ್ತೆ ಮೌನ ಎಂಬುದು ಅಲ್ಲಿನ ಸಾಲುಗಳ ಸಾರ. ಒಬ್ಬರನ್ನೊಬ್ಬರು ಸಂಧಿಸಿಯೂ ಸಂಧಿಸದೆ ಶಾಶ್ವತವಾಗಿ ಅಗಲಿದವರನ್ನು ಕುರಿತು ಇಂದು ಇಂಗ್ಲಿಷಿನಲ್ಲಿ ಈ ಮಾತನ್ನು ಬಳಸುತ್ತಾರೆ.

ಆದರೆ ಕಥೆಯಲ್ಲಿ ಆ ಹಡಗುಗಳು ಮತ್ತೆ ಸಂಧಿಸುತ್ತವೆ! ಎಲಿಜಬೆತ್ ಹ್ಯಾಡನ್ ಇಂಗ್ಲೆಂಡಿನಿಂದ ನ್ಯೂಜೆರ್ಸಿಗೆ ಬಂದು ನೆಲೆಸಿದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಣ್ಣುಮಗಳು. ಅದೇ ಪಂಥದ ಬೋಧಕ ಜಾನ್ ಎಸ್ಟಾ ಅವಳ ಮನೆಗೆ ಅತಿಥಿಯಾಗಿ ಬರುತ್ತಾನೆ. ಪ್ರಾರ್ಥನಾ ಸಭೆಗೆ ಕುದುರೆಯ ಮೇಲೆ ಹೋಗುವಾಗ ಅವಳು ಉಳಿದವರಿಂದ ಬೇಕೆಂದೇ ಹಿಂದುಳಿದು, ನಿನ್ನನ್ನು ಪ್ರೀತಿಸೆಂದು ದೇವರಿಂದ ನನಗೆ ಅಪ್ಪಣೆಯಾಗಿದೆ ಎಂದು ಹೇಳಿಬಿಡುತ್ತಾಳೆ. ತನಗೆ ಅಂಥ ಬೆಳಕು ಇನ್ನೂ ಕಂಡಿಲ್ಲವೆಂದು ಹೇಳಿ ಅವನು ಕಡಲು ದಾಟಿ ಹೋಗುತ್ತಾನೆ. ಹಡಗಿನ ಸಾಲುಗಳು ಬರುವುದು ಈ ನಡುಗಾಲದಲ್ಲಿ. ಕೊನೆಗೆ ಅವನು ಹಿಂದಿರುಗುತ್ತಾನೆ, ಮದುವೆಯಾಗುತ್ತದೆ. ಕಥೆಯ ನಡುವಿನ ಕಾಯುವಿಕೆಯನ್ನು ಮಾತ್ರ ಕಿತ್ತುಕೊಂಡು ಜನ ಅದನ್ನು ಕಥೆಯ ಮುಕ್ತಾಯವೆಂದು ತಿಳಿದಿದ್ದಾರೆ. ಬೀಳ್ಕೊಡುಗೆಗೆ ಇದು ಒಪ್ಪುತ್ತದೆಯೇ ಎಂದರೆ, ಅರ್ಥ ತಿಳಿದವರಿಗೆ ಒಪ್ಪುತ್ತದೆ, ಉಳಿದವರಿಗೆ ಇನ್ನು ಮುಂದೆ ನಿಮ್ಮ ಮುಖ ನೋಡುವುದಿಲ್ಲ ಎಂದಂತೆ ಕೇಳಿಸುತ್ತದೆ.

ಒಪ್ಪದವ

ಇದನ್ನು ಓದಿ ನನ್ನ ತಕರಾರು ಸ್ವಲ್ಪ ಸಡಿಲವಾಗಿದೆ, ಪೂರ್ತಿಯಾಗಿ ಹೋಗಿಲ್ಲ. ಸಾಲು ಕಿತ್ತದ್ದು ಓದುಗರ ತಪ್ಪೆಂದೇ ಹೇಳುತ್ತಿದ್ದೀರಿ. ಕೀಳುವುದಕ್ಕೆ ಹದವಾಗಿ ಬರೆದವನದ್ದೂ ಪಾಲಿಲ್ಲವೇ? ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪಾಲ್ ರಿವಿಯರ್‌ನನ್ನು ಕುರಿತ ಪದ್ಯದಲ್ಲಿ ಇತಿಹಾಸವನ್ನೇ ಅವನು ತಿರುಚಿಲ್ಲವೇ?

ಚಾರ್ಲ್ಸ್ ನದಿಯ ದಡದಿಂದ

ತಿರುಚಿದ್ದಾನೆ, ನಮ್ಮ ಮಕ್ಕಳ ಶಾಲೆಯಲ್ಲಿ ಈಗ ಅದನ್ನೇ ಪಾಠ ಮಾಡುತ್ತಾರೆ. "ನೆಲದ ಮೇಲೆ ಬಂದರೆ ಒಂದು, ಕಡಲ ಮೇಲೆ ಬಂದರೆ ಎರಡು" ಎಂದು ಬ್ರಿಟಿಷ್ ಸೈನ್ಯ ಬರುವ ದಾರಿಯನ್ನು ತಿಳಿಸುವ ಲಾಂದ್ರದ ಸಂಕೇತದ ಮಾತು ಇಲ್ಲಿ ಗಾದೆಯಷ್ಟು ಬಳಕೆಯಲ್ಲಿದೆ. 1775ರ ಏಪ್ರಿಲ್ 18ರ ರಾತ್ರಿ ರಿವಿಯರ್ ಆಚೆ ದಡದಲ್ಲಿ ಆ ಬೆಳಕಿಗಾಗಿ ಕಾದು ನಿಂತಿದ್ದನೆಂದು ಪದ್ಯ ಹೇಳುತ್ತದೆ. ನಿಜದಲ್ಲಿ ಚಾರ್ಲ್ಸ್‌ಟೌನ್‌ನವರಿಗೆ ಸುದ್ದಿ ಮುಟ್ಟಲೆಂದು ಆ ಬೆಳಕನ್ನು ಇಡಿಸಿದವನೇ ಅವನು. ಪದ್ಯದಲ್ಲಿ ಅವನು ಸುದ್ದಿ ಮುಟ್ಟಿಸಲು ಕಾಂಕರ್ಡ್ ಎಂಬ ಊರನ್ನು ತಲುಪುತ್ತಾನೆ, ನಿಜದಲ್ಲಿ ದಾರಿಯಲ್ಲಿ ಸೆರೆಯಾದ, ಕಾಂಕರ್ಡ್‌ಗೆ ಸುದ್ದಿ ಒಯ್ದವನು ಸ್ಯಾಮ್ಯುಯೆಲ್ ಪ್ರೆಸ್ಕಾಟ್. ಪ್ರೆಸ್ಕಾಟ್‌ನ ಹೆಸರು ಯಾರಿಗೂ ನೆನಪಿಲ್ಲದಿರುವುದಕ್ಕೆ ಲಾಂಗ್‌ಫೆಲೊನೇ ಹೊಣೆ. ಆದರೆ ಅದನ್ನು ಬರೆದದ್ದು 1860ರಲ್ಲಿ, ಗುಲಾಮಗಿರಿಯ ಪ್ರಶ್ನೆಯಿಂದ ದೇಶ ಒಡೆಯುವ ಹೊತ್ತಿನಲ್ಲಿ. 1861ರ ಜನವರಿಯ "ಅಟ್ಲಾಂಟಿಕ್ ಮಂತ್ಲಿ"ಯಲ್ಲಿ ಅದು ಅಚ್ಚಾಯಿತು. ಅವನು ಮಲಗಿದವರನ್ನು ಎಬ್ಬಿಸುವ ಸವಾರನನ್ನು ಬಯಸಿದ್ದ, ಇತಿಹಾಸದ ಲೆಕ್ಕಪತ್ರವನ್ನಲ್ಲ.

ಅವನ ಸಾಲುಗಳು ಒಳ್ಳೆಯ ಕೆಲಸಕ್ಕೆ ಒದಗಿದ್ದೂ ಉಂಟು. 1941ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತನ್ನ ಕೈಯಾರೆ "ಸಾಗು ಮುಂದೆ, ಓ ರಾಜ್ಯನೌಕೆಯೇ" ಎಂಬ ಲಾಂಗ್‌ಫೆಲೊನ ಸಾಲುಗಳನ್ನು ಬರೆದು ಚರ್ಚಿಲ್‌ಗೆ ಕಳಿಸಿದ, ಚರ್ಚಿಲ್ ಅದನ್ನು ಫೆಬ್ರವರಿಯ ತನ್ನ ರೇಡಿಯೋ ಭಾಷಣದಲ್ಲಿ ಓದಿದ. ಬಾಂಬು ಬೀಳುತ್ತಿದ್ದ ಊರಿನಲ್ಲಿ ಕೂತು ಅದನ್ನು ಕೇಳಿದವರಿಗೆ ಅದು ತೆಳುವೆನಿಸಿರಲಾರದು.

ಇಂಗ್ಲಿಷ್ ಮೇಷ್ಟ್ರು

ಒಪ್ಪದವರೇ, ನಿಮಗಾಗಿ ಇನ್ನೊಂದು ಪದ್ಯವನ್ನು ನೆನಪಿಸುತ್ತೇನೆ. 1861ರ ಜುಲೈಯಲ್ಲಿ ಫ್ಯಾನಿಯ ಉಡುಪಿಗೆ ಮನೆಯಲ್ಲಿಯೇ ಬೆಂಕಿ ಹತ್ತಿತು. ಅದನ್ನು ಆರಿಸಲು ಹೋಗಿ ಲಾಂಗ್‌ಫೆಲೊನ ಮುಖ ಕೈಗಳು ಸುಟ್ಟವು. ಮರುದಿನ ಆಕೆ ತೀರಿಕೊಂಡಳು, ಗಾಯಗಳಿಂದಾಗಿ ಇವನು ಶವಸಂಸ್ಕಾರಕ್ಕೂ ಹೋಗಲಾಗಲಿಲ್ಲ. ನಾವು ಚಿತ್ರಗಳಲ್ಲಿ ಕಾಣುವ ಆ ಋಷಿಯಂಥ ಗಡ್ಡ ಸುಟ್ಟ ಮುಖವನ್ನು ಕ್ಷೌರ ಮಾಡಲಾಗದೆ ಬಿಟ್ಟದ್ದು. ಹದಿನೆಂಟು ವರ್ಷದ ನಂತರ, 1879ರಲ್ಲಿ, ದೂರದ ಪಶ್ಚಿಮದ ಒಂದು ಬೆಟ್ಟದ ಕೊರಕಲುಗಳಲ್ಲಿ ಬಿಸಿಲಿಗೂ ಕರಗದೆ ಶಿಲುಬೆಯ ಆಕಾರದಲ್ಲಿ ಉಳಿಯುವ ಹಿಮವನ್ನು ಕುರಿತು ಒಂದು ಸಾನೆಟ್ ಬರೆದ. ನಿದ್ದೆಯಿಲ್ಲದ ಇರುಳಿನಲ್ಲಿ ಗೋಡೆಯ ಮೇಲಿನ ಅವಳ ಮುಖ ತನ್ನನ್ನು ನೋಡುತ್ತದೆ, ಅಂಥ ಶಿಲುಬೆಯನ್ನು ಈ ಹದಿನೆಂಟು ವರ್ಷ ಎದೆಯ ಮೇಲೆ ಹೊತ್ತಿದ್ದೇನೆ ಎನ್ನುತ್ತಾನೆ. ಅದರಲ್ಲಿ ಸೂರ್ಯ ಮೋಡದ ಹಿಂದಿಲ್ಲ, ಯಾರಿಗೂ ಧೈರ್ಯ ಹೇಳುವುದಿಲ್ಲ. ಅದನ್ನು ಅವನು ಅಚ್ಚಿಗೆ ಕೊಡಲಿಲ್ಲ. 1882ರಲ್ಲಿ ಅವನು ಸತ್ತ ಮೇಲೆ ಕಾಗದಗಳ ನಡುವೆ ಸಿಕ್ಕಿತು. ಗೋಡೆಗೆ ಅಂಟಿಸಲು ಅದರಲ್ಲಿ ಒಂದು ಸಾಲೂ ಸಿಗುವುದಿಲ್ಲ.

ಒಪ್ಪದವ

ಇದನ್ನು ನಾನು ಓದಿರಲಿಲ್ಲ. ಈಗ ಹುಡುಕಿ ಎರಡು ಸಲ ಓದಿದೆ. ಮರಳಿನ ಮೇಲಿನ ನಾವಿಕನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಕವಿಯ ವಿಷಯದಲ್ಲಿ ಬದಲಾಗಿದೆ.

ಅನುವಾದದ ವಿದ್ಯಾರ್ಥಿನಿ

ಬಿನ್ನವತ್ತಳೆಗೆ ಗದ್ಯದ ಸಾಲು ಆಗಬಹುದಾದರೆ 1849ರ "ಕ್ಯಾವನಾ" ಎಂಬ ಅವನ ಕಥೆಯಲ್ಲಿ ಒಂದಿದೆ: ನಾವು ಏನು ಮಾಡಬಲ್ಲೆವೆಂದು ಅನ್ನಿಸುತ್ತದೆಯೋ ಅದರಿಂದ ನಮ್ಮನ್ನು ನಾವು ಅಳೆದುಕೊಳ್ಳುತ್ತೇವೆ, ನಾವು ಈಗಾಗಲೇ ಏನು ಮಾಡಿದ್ದೇವೆಯೋ ಅದರಿಂದ ಪರರು ನಮ್ಮನ್ನು ಅಳೆಯುತ್ತಾರೆ. ಅಧ್ಯಾಪಕರಿಗೆ ಇದಕ್ಕಿಂತ ಒಪ್ಪುವುದು 1845ರ "ಬಾಣ ಮತ್ತು ಹಾಡು" ಎಂಬ ಹನ್ನೆರಡು ಸಾಲಿನ ಪದ್ಯ. ಚರ್ಚಿಗೆ ಹೊರಡುವ ಮುಂಚೆ ಒಲೆಗೆ ಬೆನ್ನು ಮಾಡಿ ನಿಂತಿದ್ದಾಗ ಅದು ಹೊಳೆದು ಬಾಣದ ವೇಗದಲ್ಲಿಯೇ ಕಾಗದಕ್ಕೆ ಇಳಿಯಿತೆಂದು ಅವನು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವು ಎಚ್ಚರಿಕೆಗೆ ಹೇಳುತ್ತೇವಲ್ಲ, ಅಲ್ಲಿ ಅವನು ಹೋದ ಮಾತು ಎಲ್ಲಿ ಉಳಿಯಿತೆಂಬುದನ್ನು ಹುಡುಕುತ್ತಾನೆ.

ತೀರ್ಥಹಳ್ಳಿಯ ಓದುಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಳೆಯ ಎರಡೂ ಮಾತುಗಳನ್ನು ಬಿಟ್ಟೆವು, ಹಡಗನ್ನೂ ಬಿಟ್ಟೆವು. ಬಾಣದ ಪದ್ಯದ ಕೊನೆಯ ಚರಣವನ್ನು ಪೂರ್ತಿಯಾಗಿ, ಪದ್ಯದ ಹೆಸರು ಮತ್ತು ವರ್ಷದೊಡನೆ ಹಾಕುವುದೆಂದು ನಿನ್ನೆ ಸಂಜೆ ಸೇರಿದಾಗ ತೀರ್ಮಾನವಾಯಿತು. ನನ್ನ ಅನುವಾದ ಹೀಗಿದೆ, ದಯವಿಟ್ಟು ತಿದ್ದಿಕೊಡಿ.

ಬಹುಕಾಲದ ಮೇಲೆ ಆಲದ ಮರದೊಳಗೆ
ಮುರಿಯದೆ ನಾಟಿದ್ದ ಬಾಣವ ಕಂಡೆ;
ಮೊದಲಿಂದ ಕೊನೆತನಕ ಇಡಿಯ ಹಾಡನ್ನು
ಶಿಷ್ಯನೊಬ್ಬನ ಎದೆಯೊಳಗೆ ಕಂಡೆ.

ಇಂಗ್ಲಿಷ್ ಮೇಷ್ಟ್ರು

ಲಯ ಚೆನ್ನಾಗಿದೆ. ಎರಡು ಕಡೆ ಕೈ ತಡೆಯಿತು. ಮೂಲದಲ್ಲಿರುವುದು ಓಕ್ ಮರ. ಆಲ ನಮಗೆ ಹತ್ತಿರವೆಂಬುದು ಸರಿ, ಆದರೆ ನ್ಯೂ ಇಂಗ್ಲೆಂಡಿನ ಕವಿಯ ಬಾಣ ಆಲದ ಮರಕ್ಕೆ ನಾಟುವುದು ಹೇಗೆ? ಇನ್ನೊಂದು, ಅವನು ಹಾಡನ್ನು ಕಂಡದ್ದು ಗೆಳೆಯನ ಎದೆಯಲ್ಲಿ, ಶಿಷ್ಯನ ಎದೆಯಲ್ಲಲ್ಲ. ಸಂದರ್ಭಕ್ಕೆ ಒಪ್ಪಲೆಂದು ನೀವು ತಿದ್ದಿದ್ದೀರಿ ಎಂಬುದು ಅರ್ಥವಾಗುತ್ತದೆ. ಆದರೆ ಇಷ್ಟು ದಿನ ನಾವು ಇಲ್ಲಿ ದೂರಿದ್ದು ಇಂಥದ್ದನ್ನೇ ಅಲ್ಲವೇ?

ತೀರ್ಥಹಳ್ಳಿಯ ಓದುಗ

ತಪ್ಪಾಯಿತು, ಮೇಷ್ಟ್ರೇ. "ಓಕ್ ಮರ", "ಗೆಳೆಯನೊಬ್ಬನ" ಎಂದೇ ತಿದ್ದಿದ್ದೇನೆ. ಶಿಷ್ಯರನ್ನು ಗೆಳೆಯರೆಂದು ಕರೆಯುವ ಸಲುಗೆಯನ್ನು ನಮ್ಮ ಅಧ್ಯಾಪಕರು ನಮಗೆ ಎಂದೂ ಕೊಟ್ಟವರಲ್ಲ, ಆದ್ದರಿಂದ ಅಳುಕು ಇದ್ದೇ ಇದೆ. ಒಕ್ಕಣೆ ಬುಧವಾರ ಅಚ್ಚಿಗೆ ಹೋಗುತ್ತದೆ.